ಚಿಂಚಿಲಾ ಪಂಜರ: ಚಕ್ರ ಮುಖ್ಯವೋ, ಹಲಗೆಯೋ?

ಅಮೆರಿಕ, ಬ್ರಿಟನ್‌ಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ‘ಸಣ್ಣ ಪ್ರಾಣಿಗಳಿಗೆ’ ಎಂಬ ಚೀಟಿ ಹೊತ್ತ ಸರಕಿಗೆ ಬರವಿಲ್ಲ. ಹ್ಯಾಮ್‌ಸ್ಟರ್, ಗಿನಿಪಿಗ್, ಚಿಂಚಿಲಾ ಎಲ್ಲಕ್ಕೂ ಒಂದೇ ಕಪಾಟು. ತೊಡಕು ಶುರುವಾಗುವುದು ಅಲ್ಲಿಯೇ. ಅಂಗೈಯಲ್ಲಿ ಅಡಗುವ ಹ್ಯಾಮ್‌ಸ್ಟರ್‌ಗೆ ಸರಿಹೋಗುವ ವಸ್ತು ಅರ್ಧ ಕಿಲೋ ತೂಗುವ ಚಿಂಚಿಲಾಕ್ಕೆ ಅಪಾಯ ತಂದೀತು.

ಚಿಂಚಿಲಾ ಆಂಡೀಸ್ ಪರ್ವತಗಳ ಬಂಡೆಸಂದಿನ ಜೀವಿ. ತುಪ್ಪಳದ ಆಸೆಗೆ ಬೇಟೆಗಾರರು ಅದನ್ನು ಹೆಚ್ಚುಕಡಿಮೆ ನಿರ್ನಾಮ ಮಾಡಿದ್ದರು. ಗಣಿ ಎಂಜಿನಿಯರ್ ಮಥಾಯಸ್ ಚಾಪ್‌ಮನ್ 1923ರಲ್ಲಿ ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಒಯ್ದ ಕೆಲವೇ ಪ್ರಾಣಿಗಳ ಸಂತತಿ ಇಂದು ಊರೂರಿನ ಪಂಜರಗಳಲ್ಲಿದೆ. ನೂರು ವರ್ಷ ಕಳೆದರೂ ಅದರ ಮೈಕಟ್ಟು ಬೆಟ್ಟದ್ದೇ: ನೆಗೆತಕ್ಕೆಂದೇ ಬೆಳೆದ ಹಿಂಗಾಲು, ಒಂದೊಂದು ರೋಮಕೂಪದಿಂದಲೂ ಗೊಂಚಲಾಗಿ ಹೊರಡುವ ಐವತ್ತಕ್ಕೂ ಹೆಚ್ಚು ಕೂದಲು, ಸಾಯುವತನಕ ಬೆಳೆಯುವ ಹಲ್ಲು. ಪಂಜರದ ಸಾಮಾನನ್ನು ಅಳೆಯಬೇಕಾದ್ದು ಈ ಮೂರರಿಂದ.

ಮೊದಲು ಓಟದ ಚಕ್ರ. ಅಡ್ಡಕಂಬಿಗಳ ಅಗ್ಗದ ಚಕ್ರವನ್ನು ನೋಡಿದೊಡನೆ ಬದಿಗಿಡಬಹುದು. ರಭಸದ ಓಟದಲ್ಲಿ ಪಾದ ಕಂಬಿಗಳ ನಡುವೆ ಜಾರಿದರೆ ಚಕ್ರ ನಿಲ್ಲುವುದಿಲ್ಲ, ಕಾಲು ಮುರಿಯುತ್ತದೆ. ಚಿಂಚಿಲಾದ ಮೊಣಕಾಲ ಕೆಳಗಿನ ಎಲುಬು ಉದ್ದ, ತೆಳು. ಸುತ್ತ ಆಸರೆಗೆ ಮಾಂಸವೂ ಕಡಿಮೆ. ನಡುವೆ ಅಚ್ಚು ಹಾದುಹೋಗುವ ಚಕ್ರದಲ್ಲಿ ಕಾಲು, ಬಾಲ ಸಿಕ್ಕಿಕೊಳ್ಳುವ ಭಯವೂ ಇದೆ. ಇನ್ನು ಅಳತೆ ಚಿಕ್ಕದಾದರೆ ಓಡುವಷ್ಟು ಹೊತ್ತೂ ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ. ಸುಮಾರು 15 ಇಂಚು ವ್ಯಾಸದ, ಒಳಮೈಯಲ್ಲಿ ತೂತಿಲ್ಲದ, ಹಿಂಬದಿಯ ಬೇರಿಂಗ್ ಮೇಲೆ ತಿರುಗುವ ಲೋಹದ ಚಕ್ರ ಮಾತ್ರ ಪರೀಕ್ಷೆಯಲ್ಲಿ ಪಾಸು. ಬೆಲೆ ಜಾಸ್ತಿ, ನಿಜ. ಆದರೆ ಹದಿನೈದು ವರ್ಷ ಬಾಳಬಲ್ಲ ಪ್ರಾಣಿಗೆ ಹಲ್ಲಿಗೆ ಜಗ್ಗದ ವಸ್ತು ದುಬಾರಿಯಲ್ಲ.

ಚಕ್ರದ ಬದಲು ಇಡುವ, ಓರೆಯಾಗಿ ತಿರುಗುವ ಓಟದ ತಟ್ಟೆಯಲ್ಲಿ ಕಾಲು ಸಿಕ್ಕಿಕೊಳ್ಳುವ ಸಂದುಗಳಿಲ್ಲ. ಆದರೆ ತಟ್ಟೆ ಕಿರಿದಾದರೆ ಮೈ ಒಂದೇ ಪಕ್ಕಕ್ಕೆ ಬಾಗುತ್ತದೆ.

ಪ್ರಾಣಿಯನ್ನು ಒಳಗೆ ಕೂಡಿಹಾಕಿ ನೆಲದ ಮೇಲೆ ಉರುಳಲು ಬಿಡುವ ಪ್ಲಾಸ್ಟಿಕ್ ಚೆಂಡಿನ ವಿಷಯದಲ್ಲಿ ರಿಯಾಯಿತಿಯೇ ಬೇಡ. 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಳಲತೊಡಗುವ ದಟ್ಟ ತುಪ್ಪಳದ ಜೀವವನ್ನು ಗಾಳಿ ಸರಿಯಾಗಿ ಆಡದ ಚಿಪ್ಪಿನೊಳಗಿಟ್ಟು ಓಡಿಸುವುದು ಶಾಖಾಘಾತಕ್ಕೆ ದಾರಿ. ಸಾಕಾಯಿತೆಂದು ಅದು ಹೊರಬರುವಂತೆಯೂ ಇಲ್ಲ.

ಪ್ಲಾಸ್ಟಿಕ್ ಅಟ್ಟಣೆಗಳನ್ನು ತೊಳೆಯುವುದು ಸುಲಭ, ಕಡಿಯುವುದು ಇನ್ನೂ ಸುಲಭ. ನುಂಗಿದ ಚೂರನ್ನು ವಾಂತಿ ಮಾಡುವ ಶಕ್ತಿ ಚಿಂಚಿಲಾಕ್ಕಿಲ್ಲ. ಕರುಳು ಕಟ್ಟಿದರೆ ಜೀವಕ್ಕೇ ಸಂಚಕಾರ. ಬಿಸಿಗಾಳಿಯಲ್ಲಿ ಒಣಗಿಸಿದ ಪೈನ್ ಹಲಗೆ, ಸೇಬಿನ ಕೊಂಬೆ, ವಿಲ್ಲೋ ಕಡ್ಡಿಗಳಾದರೆ ಕೂರಲಿಕ್ಕೂ ಆಯಿತು, ಹಲ್ಲು ಸವೆಸಲಿಕ್ಕೂ ಆಯಿತು. ಬಣ್ಣ, ವಾರ್ನಿಶ್ ಬಳಿದಿರಬಾರದು. ಘಾಟು ಎಣ್ಣೆಯ ಸೀಡರ್ ಅಂತೂ ಬೇಡವೇ ಬೇಡ. ಬರಿಯ ತಂತಿಬಲೆಯ ನೆಲ ಅಂಗಾಲಿಗೆ ಹುಣ್ಣು ತರಿಸುತ್ತದೆ. ಬಟ್ಟೆಯ ತೂಗುತೊಟ್ಟಿಲು ನೋಡಲು ಚೆಂದ, ಆದರೆ ಅಂಚು ಬಿಚ್ಚಿ ನೂಲು ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡುವುದೇ ನಿಲ್ಲುತ್ತದೆ. ಆಗಾಗ ತೆಗೆದು ನೋಡಬೇಕು. ಸೆಖೆಯ ದಿನ ಮೈಚಾಚಲು ಒಂದು ಗ್ರಾನೈಟ್ ತುಂಡು ಇಟ್ಟರೆ ಒಳ್ಳೆಯದು.

ಇಷ್ಟೆಲ್ಲದರಲ್ಲಿ ಚಕ್ರಕ್ಕೆ ಸಿಗುತ್ತಿರುವ ಪ್ರಚಾರ ಅತಿಯಾಯಿತು. ಓಟ ಚಿಂಚಿಲಾದ ಅರ್ಧ ಸ್ವಭಾವ ಮಾತ್ರ, ಉಳಿದರ್ಧ ನೆಗೆತ. ಮೇಲಿಂದ ಜಾರಿದರೂ ತಳದವರೆಗೆ ಬೀಳದಂತೆ ಹಲಗೆಗಳನ್ನು ಎಡಕ್ಕೊಂದು, ಬಲಕ್ಕೊಂದು ಹೊಂದಿಸಿದ ಎತ್ತರದ ಪಂಜರದಲ್ಲಿ ಅದು ರಾತ್ರಿಯಿಡೀ ಹತ್ತಿಳಿಯುತ್ತದೆ. ಕೊಳ್ಳುವವರ ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಅಂಥ ಪಂಜರ, ಆಮೇಲೆ ಮರದ ಹಲಗೆ, ಉಳಿದದ್ದರಲ್ಲಿ ಲೋಹದ ಚಕ್ರ. ಚೆಂಡಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ.