ಮೇಷ್ಟ್ರ ಕಣ್ಣು ಯಾರ ಮೇಲೆ?

ಕರ್ನಾಟಕದ ಸರ್ಕಾರಿ ಶಾಲೆಗಳ ಎಳೆಯ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯನ್ನು ಹೊಗಳುವವರೂ ತೆಗಳುವವರೂ ನೋಡಿದ್ದು ಅದರ 'ನಲಿ'ಯನ್ನು ಮಾತ್ರ. ಹಾಡು, ಕುಣಿತ, ಚಪ್ಪರದಲ್ಲಿ ತೂಗುವ ಚಿತ್ರಗಳು ಒಬ್ಬರಿಗೆ ಸಂಭ್ರಮ, ಇನ್ನೊಬ್ಬರಿಗೆ ಗದ್ದಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯ ದೊಡ್ಡ ಕೆಲಸ ಬೇರೆಯೇ ಇದೆ. ಮೇಷ್ಟ್ರು ಯಾರನ್ನು ಹತ್ತಿರ ಕೂರಿಸಿಕೊಳ್ಳಬೇಕು ಎಂಬುದನ್ನು ಅದು ಮೇಷ್ಟ್ರ ಇಷ್ಟಕ್ಕೆ ಬಿಡಲಿಲ್ಲ.

ಸಾಲು ಬೆಂಚಿನ ತರಗತಿಯಲ್ಲಿ ಒಗೆದ ಅಂಗಿ, ಥಟ್ಟನೆ ಬರುವ ಉತ್ತರ, ಮಗು ಬಂದ ಕೇರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಶಿಕ್ಷಕರು ಕೆಟ್ಟವರೆಂದಲ್ಲ, ಉತ್ತರ ಸಿಗುವ ಕಡೆಗೇ ಪ್ರಶ್ನೆಯೂ ಹೋಗುತ್ತದೆ.

ನಲಿ-ಕಲಿಯ ತಟ್ಟೆಗಳನ್ನು, ಅಂದರೆ ಮಕ್ಕಳು ಕೂರುವ ಗುಂಪುಗಳನ್ನು, ಗಮನಿಸಿ. ಮಗು ಪಾಠಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿ ನೋಡಿ ತನ್ನ ಕಾರ್ಡು ತೆಗೆದುಕೊಳ್ಳುತ್ತದೆ. ಕೂರಬೇಕಾದ್ದು ಮೇಷ್ಟ್ರ ಪಕ್ಕದಲ್ಲೋ, ಸಹಪಾಠಿಗಳ ನಡುವೆಯೋ, ಸ್ವಕಲಿಕೆಯ ತಟ್ಟೆಯಲ್ಲೋ ಎಂದು ಹೇಳುವುದು ಆ ಕಾರ್ಡು. ಮುಡುಕುತೊರೆ ಜಾತ್ರೆಗೋ ನಾಟಿ ಕೆಲಸಕ್ಕೋ ಅಪ್ಪ ಅಮ್ಮನ ಹಿಂದೆ ಹೋಗಿ ವಾರ ಕಳೆದು ಬಂದ ಹುಡುಗಿ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಾಳೆ. 'ದಡ್ಡಿ' ಎನ್ನಲು ಅಲ್ಲಿ ಎಡೆಯೇ ಕಡಿಮೆ. ಆದರೆ ದೋಷವೂ ಈ ಏಣಿಯಲ್ಲೇ ಇದೆ. ಹೊಸ ಪಾಠದ ಕಾರ್ಡು ಬಂದಾಗ ತಾನೇ ಮೇಷ್ಟ್ರ ಪೂರ್ಣ ಆಸರೆ? ಬೇಗ ಹತ್ತುವ ಮಗುವಿಗೆ ಆ ಕಾರ್ಡು ಮತ್ತೆ ಮತ್ತೆ ಬರುತ್ತದೆ. ನಿಧಾನದ ಮಗು ಸಹಪಾಠಿಗಳ ತಟ್ಟೆಯಲ್ಲೇ ದಿನ ಕಳೆಯುತ್ತದೆ. ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡುವಲ್ಲಿ ಈ ಅಂತರ ಹಿಗ್ಗುತ್ತದೆ. ಅದನ್ನು ತುಂಬುವುದು ಕಾರ್ಡಲ್ಲ, ಎದ್ದು ಆ ತಟ್ಟೆಯ ಬಳಿ ಹೋಗಿ ಕೂರುವ ಮೇಷ್ಟ್ರು.

'ಗದ್ದಲದಲ್ಲಿ ಅಕ್ಷರ ಬರುವುದಿಲ್ಲ' ಎಂಬ ಟೀಕಾಕಾರರ ಮಾತು ಒಪ್ಪತಕ್ಕದ್ದಲ್ಲ. ಮೌನವಾಗಿ ಕೂತ ತರಗತಿಯಲ್ಲಿ ಯಾರಿಗೆ ಅಕ್ಷರ ಬರುತ್ತಿತ್ತು ಎಂದು ಅವರು ಕೇಳಿಕೊಂಡಿಲ್ಲ. ಮೇಷ್ಟ್ರ ನಿರೀಕ್ಷೆ ಯಾರ ಮೇಲಿದೆ ಎಂಬುದು ಕಲಿಕೆಯನ್ನು ಹೇಗೆ ತಟ್ಟುತ್ತದೆ ಎಂದು ತಿಳಿಯಲು 1968ರಲ್ಲಿ ಅಮೆರಿಕದ ರೋಸೆಂಥಾಲ್ ಮತ್ತು ಜೇಕಬ್ಸನ್ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಚೀಟಿ ಎತ್ತಿದಂತೆ ಆರಿಸಿದ ಶೇ. 20ರಷ್ಟು ಮಕ್ಕಳು ಮುಂದೆ ಅರಳುತ್ತಾರೆ ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಒಂದು, ಎರಡನೇ ತರಗತಿಗಳಲ್ಲಿ ಆ ಮಕ್ಕಳ ಅಂಕ ಎದ್ದು ಕಾಣುವಂತೆ ಏರಿತು. ಆ ಅಧ್ಯಯನದ ಅಳತೆಗೋಲನ್ನು ಮನೋವಿಜ್ಞಾನಿ ಥಾರ್ನ್‌ಡೈಕ್ ಪ್ರಶ್ನಿಸಿದ್ದು ಸರಿಯೇ. ಆದರೂ ಶಿಕ್ಷಕರ ನಿರೀಕ್ಷೆ ಹೆಚ್ಚು ತಾಗಿದ್ದು ಎಳೆಯ ತರಗತಿಗಳಲ್ಲಿ, ಅಂದರೆ ನಲಿ-ಕಲಿಯ ವಯಸ್ಸಿನಲ್ಲಿ, ಎಂಬುದನ್ನು ತಳ್ಳಿಹಾಕಲಾಗದು.

ನಲಿ-ಕಲಿ ಇರುವುದು ಮೂರನೇ ತರಗತಿಯವರೆಗೆ. ನಾಲ್ಕಕ್ಕೆ ಕಾಲಿಟ್ಟ ದಿನ ತಟ್ಟೆಗಳಿಲ್ಲ, ಏಣಿಯಿಲ್ಲ. ಮುಂದಿನ ಬೆಂಚು, ಹಿಂದಿನ ಬೆಂಚು ಮತ್ತೆ ಬರುತ್ತವೆ.