ಹಿಂದಿನ ಸ್ಥಿತಿಗೆ ಮರಳಿಸುವ ಮುನ್ನ

ಹೊಸ ಪ್ರಿಂಟರಿನ ಡ್ರೈವರ್ ಹಾಕಿದ ಮೇಲೋ ಅಪ್‌ಡೇಟ್ ಆದ ಮೇಲೋ ಹದಗೆಟ್ಟ ಕಂಪ್ಯೂಟರನ್ನು ಅದು ನೆಟ್ಟಗಿದ್ದ ದಿನದ ಸ್ಥಿತಿಗೆ ಒಯ್ಯುವ ‘ಸಿಸ್ಟಂ ರಿಸ್ಟೋರ್’ ಎಂಬ ಸೌಲಭ್ಯ 2000ನೇ ಇಸವಿಯ ವಿಂಡೋಸ್ ಮಿಲೆನಿಯಂ ಆವೃತ್ತಿಯೊಂದಿಗೆ ಬಂದಿತು. ಹಾಗೆ ಗುರುತಿಸಿಟ್ಟ ಸ್ಥಿತಿಗೆ ರಿಸ್ಟೋರ್ ಪಾಯಿಂಟ್ ಎಂದು ಹೆಸರು. ವಿಸ್ತಾದಿಂದೀಚಿನ ಆವೃತ್ತಿಗಳಲ್ಲಿ ಇಡೀ ಡಿಸ್ಕಿನ ನಕಲು ತೆಗೆಯುವ ಗೋಜಿಲ್ಲ. ಡಿಸ್ಕಿನ ಯಾವುದಾದರೂ ತುಣುಕಿನ ಮೇಲೆ ಹೊಸದನ್ನು ಬರೆಯುವ ಸಂದರ್ಭ ಬಂದಾಗ, ಅಲ್ಲಿದ್ದ ಹಳೆಯದನ್ನು ಮೊದಲು ಬೇರೆಡೆಗೆ ಎತ್ತಿಟ್ಟು ಆಮೇಲೆ ಬರೆಯಲಾಗುತ್ತದೆ. ಈ ಮಿತವ್ಯಯದ ಉಪಾಯ ನಿಜಕ್ಕೂ ಸೊಗಸಾದದ್ದು. ಆದರೆ ಅದಕ್ಕೆ ಮೀಸಲಿಟ್ಟ ಜಾಗ ತುಂಬಿದೊಡನೆ ಅತಿ ಹಳೆಯ ಪಾಯಿಂಟುಗಳು ಅಳಿದುಹೋಗುತ್ತವೆ.

ಮರಳಿಸಬೇಕಾದರೆ ಮೊದಲಿದ್ದುದರ ದಾಖಲೆ ಇರಬೇಕೆಂಬ ನಿಯಮ ಬೇಲೂರಿನ ಓದುಗರಿಗೆ ಹೊಸದೇನಲ್ಲ. ಚೆನ್ನಕೇಶವನ ಗರ್ಭಗುಡಿಯ ಮೇಲಿದ್ದ ಶಿಖರವನ್ನು ಕೆಳಗಿನ ಕಟ್ಟಡ ಉಳಿಯಲೆಂದು 1879ರಲ್ಲಿ ಇಳಿಸಲಾಯಿತು. ಹಳೇಬೀಡಿನ ಹೊಯ್ಸಳೇಶ್ವರದ ಮೇಲೂ ಇಂದು ಶಿಖರಗಳಿಲ್ಲ. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಪ್ರಕಾರ, ಊಹೆ ಎಲ್ಲಿ ಶುರುವಾಗುತ್ತದೆಯೋ ಅಲ್ಲಿಗೆ ಜೀರ್ಣೋದ್ಧಾರ ನಿಲ್ಲಬೇಕು. ಕಂಪ್ಯೂಟರಿನ ವಿಷಯದಲ್ಲಿ ಈ ಗೆರೆ ಇನ್ನೂ ಕಠಿಣವಾದದ್ದು, ಏಕೆಂದರೆ ಪಾಯಿಂಟ್ ಇಲ್ಲದಿದ್ದರೆ ಊಹಿಸುವುದಕ್ಕೂ ಅಲ್ಲಿ ಆಸ್ಪದವಿಲ್ಲ. ಎಷ್ಟೋ ಕಂಪ್ಯೂಟರುಗಳಲ್ಲಿ ಈ ಪಾಯಿಂಟುಗಳನ್ನು ಉಳಿಸುವ ‘ಸಿಸ್ಟಂ ಪ್ರೊಟೆಕ್ಷನ್’ ಆಫ್ ಆಗಿಯೇ ಇರುವುದರಿಂದ, ಅದನ್ನು ಆನ್ ಮಾಡಿ, ಯಾವುದೇ ಹೊಸ ತಂತ್ರಾಂಶ ಹಾಕುವ ಮುನ್ನ ‘ಕ್ರಿಯೇಟ್’ ಒತ್ತಿ, ಗುರುತು ಸಿಗುವಂಥ ಹೆಸರಿನಲ್ಲಿ ಒಂದು ಪಾಯಿಂಟ್ ಮಾಡಿಟ್ಟುಕೊಳ್ಳುವುದು ಅಗತ್ಯ.

ರಿಸ್ಟೋರ್ ಕ್ರಿಯೆ ಡ್ರೈವರುಗಳನ್ನೂ, ತಂತ್ರಾಂಶಗಳನ್ನೂ, ವ್ಯವಸ್ಥೆಯ ಎಲ್ಲ ಆಯ್ಕೆಗಳ ಕಡತವಾದ ರಿಜಿಸ್ಟ್ರಿಯನ್ನೂ ಹಿಂದಕ್ಕೆ ಒಯ್ಯುತ್ತದೆ. ಬರೆದಿಟ್ಟ ಪತ್ರಗಳನ್ನೂ ಫೋಟೋಗಳನ್ನೂ ಮುಟ್ಟುವುದಿಲ್ಲ, ಅಳಿಸಿಹೋದ ಪತ್ರವನ್ನು ತಂದುಕೊಡುವುದೂ ಇಲ್ಲ. ಅರಸೀಕೆರೆಯ ಡಿಟಿಪಿ ಅಂಗಡಿಯವರು ಗಮನಿಸಬೇಕಾದ ತೊಡಕು ಇಲ್ಲಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವನ್ನು ಆ ಪಾಯಿಂಟಿನ ನಂತರ ಹಾಕಿಕೊಂಡಿದ್ದರೆ ಅದು ಹೋಗಬಹುದು. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಿರುವುದರಿಂದ, ಫಾಂಟ್ ಇಲ್ಲದಾಗ ಲಗ್ನಪತ್ರಿಕೆಯ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಕಡತಕ್ಕೆ ಏನೂ ಆಗಿರುವುದಿಲ್ಲ. ನುಡಿಯನ್ನು ಮತ್ತೆ ಹಾಕಿದರೆ ಕನ್ನಡ ಮೂಡುತ್ತದೆ. ಗಾಬರಿಯಲ್ಲಿ ಕಡತವನ್ನೇ ಅಳಿಸಿದರೆ ಮಾತ್ರ ನಷ್ಟ.

ಯಾವ ತಂತ್ರಾಂಶಗಳು ಹೋಗುತ್ತವೆಂಬುದನ್ನು ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಂಸ್’ ಎಂಬ ಗುಂಡಿ ಮೊದಲೇ ಪಟ್ಟಿ ಮಾಡಿ ತೋರಿಸುತ್ತದೆ. ಆರಂಭವಾದ ಮೇಲೆ ಕೆಲಸ ನಡುವೆ ನಿಲ್ಲಬಾರದಾದ್ದರಿಂದ, ಮಳೆಗಾಲದಲ್ಲಿ ಕರೆಂಟ್ ಹೋಗಿಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕುವುದು ತರವಲ್ಲ. ಮಾಮೂಲಿನಂತೆ ತೆರೆದ ವಿಂಡೋಸಿನಿಂದ ಮಾಡಿದ ರಿಸ್ಟೋರನ್ನು, ಫಲ ಸರಿಬಾರದಿದ್ದರೆ, ರದ್ದುಮಾಡಿ ಮೊದಲಿನಂತೆಯೇ ಇಡಬಹುದು. ಅತ್ಯಗತ್ಯ ಡ್ರೈವರುಗಳಷ್ಟರಿಂದಲೇ ತೆರೆಯುವ ‘ಸೇಫ್ ಮೋಡ್’ನಿಂದ ಮಾಡಿದ್ದಕ್ಕೆ ಆ ಅನುಕೂಲವಿಲ್ಲ.