ಸುಣ್ಣದ ನೆಲದಲ್ಲಿ ಜಾಜಿ ಹಂದರ

ನಾಲವಾರದ ಹಿತ್ತಲಲ್ಲಿ ಬಳ್ಳಿಗೆ ಕುಣಿ ತೋಡುವವರ ಗುದ್ದಲಿ ಎಷ್ಟೋ ಕಡೆ ಮೊಳದಾಳದಲ್ಲೇ ಪರಸಿಗೆ ಬಡಿಯುತ್ತದೆ. ಶಹಾಬಾದ್ ಕಲ್ಲೆಂದು ದೇಶವೆಲ್ಲ ಮನೆಯೊಳಗೆ ಹಾಸಿಕೊಂಡದ್ದು, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನು ಸಾಕಿದ್ದು ಇದೇ ಸುಣ್ಣಕಲ್ಲು. ಮಲ್ಲಿಗೆ ಜಾತಿಯ ಬಳ್ಳಿ ಹಬ್ಬಿಸುವವರು ಮೊದಲು ಇದರ ಗುಣ ಅರಿಯಬೇಕು.

ಬಳ್ಳಿ ಸೊರಗಿದರೆ ನಮ್ಮಲ್ಲಿ ಎಲ್ಲರೂ ಬಿಸಿಲನ್ನೇ ಬೈಯುತ್ತಾರೆ. ನೀರು ಹಾಯಿಸಿದರೆ ಜಾಜಿ ಬಿಸಿಲಿಗೆ ಅಂಜುವ ಬಳ್ಳಿಯಲ್ಲ. ನೆರಳಲ್ಲಿಟ್ಟರೆ ಎಲೆ ಸೊಂಪಾಗಿ ಬಂದೀತು, ಮೊಗ್ಗು ಮಾತ್ರ ಕಡಿಮೆ. ಚಿಗುರೆಲೆ ಹಳದಿಗಟ್ಟಿ ನರಗಳಷ್ಟೇ ಹಸಿರಾಗಿ ಉಳಿದಿವೆಯೇ? ಅದು ಕಬ್ಬಿಣದ ಕೊರತೆ. ಕಬ್ಬಿಣ ಮಣ್ಣಲ್ಲೇ ಇರುತ್ತದೆ, ಆದರೆ ಸುಣ್ಣ ಅದನ್ನು ಬೇರಿಗೆ ದಕ್ಕಗೊಡುವುದಿಲ್ಲ. ಬೋರಿನ ಗಡಸು ನೀರು ಸುರಿದಷ್ಟೂ ಹಳದಿ ಹೆಚ್ಚುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿ. ಸಿಂಪಡಿಸಿದ ಎಲೆ ಹಸಿರಾಗುತ್ತದೆ, ಹೊಸ ಚಿಗುರು ಮತ್ತೆ ಹಳದಿಗಟ್ಟಿದರೆ ಮತ್ತೊಮ್ಮೆ ಸಿಂಪಡಿಸಬೇಕು. ಮಳೆನೀರು ಹಿಡಿದಿಟ್ಟುಕೊಂಡವರ ಬಳ್ಳಿಗೆ ಈ ಕಾಟ ಕಡಿಮೆ.

ಕುಣಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳವಿರಲಿ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ತುಂಬಿ. ಬರೀ ಎರೆಮಣ್ಣು ತುಂಬಿದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮನೆ ಕಟ್ಟಿ ಉಳಿದ ಗಾರೆ, ಸಿಮೆಂಟು ಹತ್ತಿರವೂ ಸುಳಿಯಬಾರದು. ಕಲ್ಲುಗೋಡೆ ವೈಶಾಖದಲ್ಲಿ ಇರುಳಿಗೂ ಕಾವು ಬಿಡುತ್ತದೆ, ಹಂದರ ಅದಕ್ಕೆ ಅಂಟಿರದೆ ಗೇಣು ದೂರವಿರಲಿ.

ಗುಂಡುಮಲ್ಲಿಗೆ ಯಾಕಲ್ಲ ಎಂದು ಕೇಳುವವರಿದ್ದಾರೆ. ಅದು ಪೊದೆಯಾಗಿಯೇ ಚೆಂದ. ಹಂದರ ತುಂಬುವುದು ಜಾಜಿ. ಮೊಗ್ಗಿನ ಬೆನ್ನ ಮೇಲೆ ನಸುಗೆಂಪು, ಒಳಗೆ ಅಚ್ಚ ಬಿಳುಪು. ಗುಂಡುಮಲ್ಲಿಗೆ ಮುಸ್ಸಂಜೆಗೆ ಬಿರಿದರೆ ಜಾಜಿಯನ್ನು ಬೆಳಗಿನ ಜಾವವೇ ಬಿಡಿಸಬೇಕು. ಹೊತ್ತೇರಿದಂತೆ ಅದರ ಕಂಪು ಇಳಿಯುತ್ತದೆ. ನನ್ನ ಮಟ್ಟಿಗೆ ಪರಿಮಳದಲ್ಲಿ ಇದಕ್ಕೆ ಎದುರಿಲ್ಲ. ಫ್ರಾನ್ಸಿನ ಗ್ರಾಸ್ ಪಟ್ಟಣದ ಅತ್ತರಿನವರು ನೆಚ್ಚಿದ್ದೂ ಇದೇ ಜಾಜಿಯನ್ನು. ಕಿತ್ತ ಮೇಲೂ ಹೂ ಪರಿಮಳ ಸೂಸುತ್ತಲೇ ಇರುತ್ತದೆ. ಕಾಯಿಸಿದರೆ ಅದು ಕೆಡುವುದರಿಂದ, ಗಾಜಿನ ಹಲಗೆಗೆ ಕೊಬ್ಬು ಸವರಿ, ಮೇಲೆ ಹೂ ಹರಡಿ, ಕಂಪನ್ನು ಕೊಬ್ಬಿಗೆ ಹೀರಿಸುತ್ತಿದ್ದರು. ಎಂಥ ತಾಳ್ಮೆಯ ಕಸುಬು!

ನಮ್ಮ ಮನೆಗಳಲ್ಲಿ ಜಾಜಿ ಹೂ ಕಡಿಮೆ ಬಿಡಲು ದೊಡ್ಡ ಕಾರಣ ಕತ್ತರಿಯ ಹೆದರಿಕೆ. ಹಬ್ಬಿದ ಬಳ್ಳಿ ಕಡಿಯಲು ಮನಸ್ಸು ಬಾರದು, ನಿಜ. ಆದರೆ ಹೂ ಬರುವುದು ಹೊಸ ಚಿಗುರಿನಲ್ಲಿ. ಹಳೆಯ ಕಡ್ಡಿ ಹೆಣೆದುಕೊಂಡು ನಿಂತರೆ ಹಂದರದ ತುಂಬ ಸೊಪ್ಪೇ. ಡಿಸೆಂಬರ್ ಕೊನೆಯ ವಾರ ಒಣಗಿದ್ದು, ಸೊರಗಿದ್ದು ತೆಗೆದು, ಉಳಿದದ್ದನ್ನು ಧೈರ್ಯವಾಗಿ ಮೋಟು ಮಾಡಿ, ಬುಡ ಕೆದಕಿ ಗೊಬ್ಬರ ಕೊಡಿ.

ಹೊಸದಾಗಿ ಹಚ್ಚುವವರು ಮೃಗಶಿರ ಮಳೆ ಬಿದ್ದ ಮೇಲೆ ನೆರೆಮನೆಯಿಂದ ಪೆನ್ಸಿಲ್ ದಪ್ಪದ ಕಡ್ಡಿ ಕೇಳಿ ತನ್ನಿ. ನರ್ಸರಿಗೆ ಹೋಗುವ ಅಗತ್ಯವಿಲ್ಲ.